ಬೋರಮ್ಮ ತೆಗೆದಿಟ್ಟ ಕಾಯಿಗಳು

ಕಿಬ್ಬನಹಳ್ಳಿ
12-1-2025

ಮೊಮ್ಮಗಳು ಇಂಪನಾಳಿಗೆ ಅಜ್ಜಿಯ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಬೇಸರ ಬೇಡ, ಕೆಲಸ ಕೈಬಿಡಲಿಲ್ಲ. ಫೋನು ಮಾಡೋಣವೆಂದರೆ ನೀನು ಅರ್ಧ ಮಾತನ್ನು ಬಾಯಲ್ಲೇ ನುಂಗುತ್ತೀಯ. ತುಮಕೂರಿನ ಗಾರ್ಮೆಂಟ್ಸಿನಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡಿದ್ದು ಸಂತೋಷ. ವಯಸ್ಸಿನಲ್ಲಿ ದೊಡ್ಡ ಹೆಂಗಸರಿಂದ ಕೆಲಸ ತೆಗೆಯುವುದು ಹೇಗೆಂದು ಕೇಳಿದ್ದೀಯ. ಮೂವತ್ತು ವರ್ಷದಿಂದ ಕೊಬ್ಬರಿ ತಂಡ ನಡೆಸುತ್ತಿರುವವಳನ್ನೇ ಕೇಳಿದ್ದೀಯ, ಸರಿಯಾಗಿದೆ.

ಯಾರನ್ನೂ ನಂಬಬೇಡ. ನಗುತ್ತಾ ಬರುವವಳನ್ನಂತೂ ನಂಬಲೇಬೇಡ. ಇಬ್ಬರು ಪಿಸುಗುಟ್ಟಿದರೆ ದೂರದೂರ ಕೂರಿಸು. ನಮ್ಮ ತಂಡಕ್ಕೂ ಈಗ ಪಿಸುಮಾತಿನ ರೋಗ ಬಂದಿದೆ. ಮೂರು ಮನೆಗೆ ಕೇಳುವಂತೆ ಮಾತಾಡುತ್ತಿದ್ದವರು ತುಟಿ ಮಾತ್ರ ಆಡಿಸುತ್ತಾರೆ. ನನ್ನ ವಿಷಯವಲ್ಲದೆ ಇನ್ನೇನು?

ನಮ್ಮ ಕೆಲಸ ನೀನು ಕಂಡದ್ದೇ. ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ನಾನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಒಳಗೆ ಕೊಬ್ಬರಿ ಗುಡುಗುಡು ಉರುಳಿದರೆ ಒಡೆಯುವ ಗುಡ್ಡೆಗೆ, ಇಲ್ಲವಾದರೆ ಮತ್ತೆ ಅಟ್ಟಕ್ಕೆ. ಹಸಿಕಾಯಿ ಒಡೆದರೆ ತೋಟದವರು ವರ್ಷವೆಲ್ಲ ಕಾದದ್ದು ಹಾಳು. ಆ ಆಯ್ಕೆಯನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹೋದ ವಾರ ತೋಟದ ನಂಜುಂಡಪ್ಪನವರ ಮನೆಯಲ್ಲಿ ನಾನು ನೀರು ಕುಡಿದು ತಿರುಗುವಷ್ಟರಲ್ಲಿ ಬೋರಮ್ಮ ನಾನು ಆರಿಸಿದ ಕಾಯಿಗಳನ್ನು ಅಟ್ಟಕ್ಕೆ ಹೋಗಬೇಕಾದ ಗುಡ್ಡೆಗೆ ಹಾಕಿ, ಅಲ್ಲಿಂದ ಬೇರೆ ತರುತ್ತಿದ್ದಳು. ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತವಳು. ಹಸಿಕಾಯಿ ಬೆರೆಸಿ, ನನ್ನ ಹೆಸರು ಕೆಡಿಸಿ, ತಾನು ಮುಂದಾಳಾಗುವ ಹುನ್ನಾರ. ಎಲ್ಲರೆದುರೇ ಕೇಳಿದೆ. ಅವಳು ಮಚ್ಚು ಕೆಳಗಿಟ್ಟು ಗಂಟಲೇರಿಸಿ, "ನಾನು ಬೆರೆಸ್ನಿಲ್ಲ ಕಣಕ್ಕ. ಇನ್ನೇನೂ ಕೇಳ್ಬ್ಯಾಡ, ಬುಡು," ಅಂದಳು.

"ಬಿಡೋದಾದ್ರೆ ನೀನೇ ಕೆಲ್ಸ ಬಿಡು," ಎಂದೆ.

ಸೆರಗು ಕೊಡವಿಕೊಂಡು ಹೋದಳು. ಮಿಕ್ಕವರು ತಲೆ ತಗ್ಗಿಸಿ ಕಾಯಿ ಒಡೆಯತೊಡಗಿದರು. ಮುಂದಾಳಿಗೆ ಅಷ್ಟು ಗಟ್ಟಿತನ ಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮಾತಿಗೆ ತೂಕ ಬರಲಿ, ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ,
ಗುರುಸಿದ್ದಮ್ಮ

ತಾ.ಕ. ಲಕೋಟೆ ಅಂಟಿಸಿ ನಾಲ್ಕು ದಿನ ಇಟ್ಟುಕೊಂಡಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಬೋರಮ್ಮ ಹೋದ ಮೇಲೆ ಒಡೆದದ್ದರಲ್ಲಿ ಒಂದಾದ ಮೇಲೊಂದು ಹಸಿಕಾಯಿ ಸಿಕ್ಕವು. ಮೊನ್ನೆ ಒಬ್ಬಳೇ ಕೂತು ಎರಡು ಕಾಯಿ ಅಲ್ಲಾಡಿಸಿದೆ. ನನ್ನ ಕಿವಿಗೆ ಎರಡೂ ಸುಮ್ಮನಿದ್ದವು. ಒಡೆದರೆ ಒಂದರಲ್ಲಿ ಒಣಗಿದ ಕೊಬ್ಬರಿ, ಇನ್ನೊಂದರಲ್ಲಿ ನೀರು. ಇಷ್ಟು ದಿನ ಕೈಗೆ ಹತ್ತಿದ ಭಾರದ ಮೇಲೆ ಆರಿಸುತ್ತಿದ್ದೆನೇನೋ. ನಮ್ಮ ತಂಡದಲ್ಲೇ ಇರುವ ನನ್ನ ಸೊಸೆ ಆಶಾಳನ್ನು ಗದರಿಸಿ ಕೇಳಿದೆ. ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು: "ಎರಡು ವರ್ಸದಿಂದ ನೀವು ಆರಿಸಿದ್ನ ಬೋರಮ್ಮ ಇನ್ನೊಂದ್ಸಲ ಆರಿಸ್ತಿದ್ಲು ಕಣತ್ತೆ. ನಿಮ್ಗೆ ಹೇಳ್ಕೂಡದು ಅಂತ ನಮ್ಮತ್ರ ಆಣೆ ಮಾಡಿಸ್ಕಂಡಿದ್ಲು."

ಇವತ್ತು ಬೋರಮ್ಮನ ಬಾಗಿಲಿಗೆ ಹೋಗಿ ಕೆಲಸಕ್ಕೆ ಬಾ ಎಂದೆ. ಅಂಗಳ ಗುಡಿಸುತ್ತಿದ್ದವಳು ಮುಖ ಎತ್ತದೆ ಏನೋ ಅಂದಳು. ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಎನ್ನಲು ನನ್ನಿಂದಾಗಲಿಲ್ಲ. ಹೂಂ ಎಂದು ಬಂದುಬಿಟ್ಟೆ. ಬರುತ್ತೇನೆ ಎಂದಳೋ, ಬರುವುದಿಲ್ಲ ಎಂದಳೋ, ನಾಳೆ ಬೆಳಗ್ಗೆ ಅವಳ ಜಾಗ ನೋಡಿಯೇ ತಿಳಿಯಬೇಕು.