ಬೆಳ್ಳಿಯ ಪಾದ

ಬ್ರಹ್ಮಪುರ, ಕಲಬುರಗಿ
೧೮-೧೧-೨೦೨೪, ಸೋಮವಾರ

ಆಯಿ,

ನಿನ್ನ ಮಗಳು ಮಂಜುಷಾಳ ನಮಸ್ಕಾರ. ನೀನು ಆರೈಕೆಗೆಂದು ಹೋದ ಸೋಲಾಪುರದಲ್ಲಿ ನಿನ್ನ ಅಕ್ಕ ಮಾವಶಿಯ ಮೊಣಕಾಲಿನ ಆಪರೇಷನ್ ಚೆನ್ನಾಗಿ ಆಯಿತೆಂದು ತಮ್ಮ ಕೌಸ್ತುಭ ಹೇಳಿದ. ನಿನ್ನೆಯಿಂದ ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದ ಇದೇ ಆಗಿದೆ. ಅದಕ್ಕೇ ಈ ಕಾಗದ.

ನಿನ್ನೆ ಆಫೀಸಿನ ಸೃಷ್ಟಿಯ ಜೊತೆ ಕಮಲಾಪುರದ ಕಡೆ ತಿರುಗಾಡಲು ಹೋಗಿದ್ದೆ. ಬಿಸಿಲಲ್ಲಿ ಅಲೆಯಬೇಡ ಎಂದು ಬೈಯುತ್ತೀ ಅಂತ ಹೇಳಿರಲಿಲ್ಲ. ಕೆಂಪು ಬಾಳೆಯ ತೋಟ ದಾಟಿ, ತೊಗರಿ ಹೊಲದ ಬದುವಿನ ಮೇಲೆ ಒಂದು ತಾಸು ನಡೆದರೆ ಒಂದು ಬೇಚರಾಕ್ ಊರು ಸಿಗುತ್ತದೆ. ಬಹಮನಿ ಕಾಲದಲ್ಲೇ ಜನ ಬಿಟ್ಟುಹೋದದ್ದಂತೆ. ದಫ್ತರದಲ್ಲಿ ಹೆಸರುಂಟು, ವಾಸದ ಮನೆ ಒಂದೂ ಇಲ್ಲ. ಮೊಣಕಾಲೆತ್ತರದ ಗೋಡೆಗಳು, ಮಣ್ಣು ತುಂಬಿದ ಕಾಳಿನ ಹಗೇವು, ಬಿರಿದ ಒರಳು. ಸವೆದು ತಗ್ಗು ಬಿದ್ದ ಒಂದು ಹೊಸ್ತಿಲ ಮೇಲೆ ಕೂತು ನಾವಿಬ್ಬರೂ ರೊಟ್ಟಿ ತಿಂದೆವು. ಅಲ್ಲಿಯವರೆಗೆ ನಾನು ಖುಷಿಯಲ್ಲೇ ಇದ್ದೆ.

ಊರ ತುದಿಯಲ್ಲಿ ಮಾರುತಿಯ ಗುಡಿ. ಒಳಗೆ ದೇವರಿಲ್ಲ. ಪೀಠದ ಮೇಲೆ ಮುರಿದ ಎರಡು ಪುಟ್ಟ ಪಾದ ಮಾತ್ರ, ಅವುಗಳ ಮುಂದೆ ಉರಿಯುವ ದೀಪ. ಬತ್ತಿ ಸರಿಮಾಡುತ್ತಾ ಒಬ್ಬ ಮುದುಕಿ ಕೂತಿದ್ದರು, ಹೆಸರು ಇಕ್ಬಾಲ್ ಬೇಗಂ. ಏಳು ತಲೆಯಿಂದ ಆ ಗುಡಿಯ ದೀಪ ಅವರ ಮನೆತನದ್ದಂತೆ. ಸುತ್ತಲಿನ ಹಳ್ಳಿಯವರು ಶನಿವಾರ ಬರುತ್ತಿದ್ದರಂತೆ. ಮೂವತ್ತೊಂದು ವರ್ಷದ ಹಿಂದೆ ಯಾರೋ ದೇವರನ್ನು ಕಿತ್ತೊಯ್ದರು. ದೀಪದ ನಬಿಸಾಬನೇ ಮಾರಿಕೊಂಡ ಎಂದು ಜನ ಅವರನ್ನು ಬೇವಿನ ಗಿಡಕ್ಕೆ ಕಟ್ಟಿ ಹೊಡೆದರು. ನಬಿಸಾಬ್ ಈ ಬೇಗಂ ಅವರ ಗಂಡ. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ, ವರ್ಷದೊಳಗೆ ತೀರಿಕೊಂಡರು.

“ದೇವರು ಹೋದ್ರೂ ಪಾದ ಬಿಟ್ಟು ಹೋಗ್ಯಾನವ್ವ,” ಅಂದರು ಬೇಗಂ. “ದೀಪ ಆರಿಸಬ್ಯಾಡ ಅಂತ ನಮ್ಮವರು ಸಾಯೂ ಮುಂದ ನನ್ನಿಂದ ಆಣಿ-ಕಸಮ್ ತಗೊಂಡಾರ. ನನಗ ಇನ್ನಾ ಕಳ್ಳನ ಹೆಂಡ್ತಿ ಅಂತಾರ. ಅನ್ಲಿ.”

ಅಯ್ಯೋ ಪಾಪ ಎನ್ನುತ್ತ ಕೇಳಿದೆ. ಅವರು ಮೆಟ್ಟಿಲಿಳಿಯಲು ನೆರಿಗೆ ಎತ್ತಿದರು ನೋಡು, ನಾನು ಬಗ್ಗಿ ನೋಡಿದೆ. ಹಸಿರು ಇಳಕಲ್ ಸೀರೆ. ಒಳಗಿನ ಫಾಲ್ ನಾನೇ ಹೊಲಿದದ್ದು. ದಾರ ಸಾಲದೆ ಕೊನೆಯ ಗೇಣು ನೀಲಿ ದಾರದಲ್ಲಿ ಮುಗಿಸಿದ್ದೆ, ನೀನು ನಕ್ಕಿದ್ದೆ.

ಸೀರೆ ಎಲ್ಲಿಯದೆಂದು ಕೇಳಿದೆ. “ಬ್ರಹ್ಮಪುರದ ಯಾರೋ ಬಾಯಿಯವರು ರಂಜಾನಿಗೊಮ್ಮೆ ತುಕಾರಾಮನ ಕೈಯಾಗ ಕಳಸ್ತಾರ. ಯಾಕಂತ ಗೊತ್ತಿಲ್ಲ. ಅವರನ್ನ ಅಲ್ಲಾ ತಣ್ಣಗಿಟ್ಟಿರಲಿ” ಅಂದರು.

ನಮ್ಮ ಓಣಿಗೆ ಬಾಳೆಹಣ್ಣು ತರುವ ತುಕಾರಾಮ. ಅವನ ಹೆಂಡತಿಗೆ ಸೀರೆ ಎಂದು ನಮಗೆ ಹೇಳುತ್ತಿದ್ದೆಯಲ್ಲ.

ಇನ್ನು ನಮ್ಮ ದೇವರ ಮನೆಯ ಪ್ರಾಣದೇವರು, ಅವನೂ ಮಾರುತಿಯೇ. ಅಪ್ಪ ಕಮಲಾಪುರದಲ್ಲಿ ಮಾಸ್ತರಾಗಿದ್ದಾಗ ಅವರ ಕನಸಿನಲ್ಲಿ ಬಂದು, ತಾನಾಗಿಯೇ ಮನೆ ಸೇರಿದನೆಂದು, ಮರುವರ್ಷವೇ ನಾನು ಹುಟ್ಟಿದೆನೆಂದು ಎಷ್ಟು ಸಲ ಹೇಳಿದ್ದೀ! ಅವನ ಬೆಳ್ಳಿಯ ಪಾದ ಅಭಿಷೇಕಕ್ಕೂ ತೆಗೆಯಬಾರದೆಂಬುದು ನಿನ್ನ ಕಟ್ಟಪ್ಪಣೆ. ಅಪ್ಪ ಹೋದ ಮೇಲೂ ಕೌಸ್ತುಭ ಮೀರಿಲ್ಲ. ಇವತ್ತು ಬೆಳಿಗ್ಗೆ ಪೂಜೆಗೆ ಕೂತವನಿಗೆ ತೆಗೆ ಎಂದೆ. ಬೈದ. ಎಲ್ಲ ಹೇಳಿದ ಮೇಲೆ ತೆಗೆದ. ಒಳಗೆ ಪಾದವಿಲ್ಲ ಆಯಿ, ಬರೀ ಅರಗು. ಹುಡುಗ ಮಡಿಯಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ, ಮಧ್ಯಾಹ್ನವಾದರೂ ಎದ್ದಿಲ್ಲ.

ಅಪ್ಪನನ್ನು ಕಳ್ಳ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹಾಳೂರಿನಲ್ಲಿ ಮಡಿಯಿಲ್ಲ, ನೈವೇದ್ಯವಿಲ್ಲ, ದೇವರನ್ನು ನಾನು ಉಳಿಸುತ್ತಿದ್ದೇನೆ ಎಂದುಕೊಂಡಿರಬೇಕು. ಕೀಳುವಾಗ ಮುರಿಯಿತು. ಮುರಿದ ಮೂರ್ತಿಗೆ ಪೂಜೆ ಸಲ್ಲದೆಂದು ಬೆಳ್ಳಿಯಲ್ಲಿ ಮುಚ್ಚಿದರು. ಅಷ್ಟನ್ನು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ನಬಿಸಾಬ್ ಹೊಡೆತ ತಿಂದದ್ದು ನಿನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಸೀರೆ ಯಾಕೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಷ್ಟು ವರ್ಷ ಹೇಗೆ ಕುಡಿದೆ? ಆ ದೇವರು ಕೊಟ್ಟ ಮಗಳೆಂದು ನನ್ನನ್ನು ಮುದ್ದು ಮಾಡಿದೆ. ನಾನು ಹುಟ್ಟಿದ ವರ್ಷವೇ ಅವರು ಸತ್ತದ್ದು.

ಬೇಗಂ ಅವರಿಗೆ ಬೇಕಾದದ್ದು ಸೀರೆಯಲ್ಲ. ನಬಿಸಾಬ್ ಕದಿಯಲಿಲ್ಲ ಎಂದು ಆ ಜನರೆದುರು ಒಬ್ಬರು ಹೇಳಬೇಕು. ಕಂಡು ಹೇಳಬಲ್ಲವಳು ಈಗ ನೀನೊಬ್ಬಳೇ. ಶನಿವಾರಕ್ಕೆ ತುಕಾರಾಮನ ಟೆಂಪೋ ಹೇಳಿದ್ದೇನೆ. ದೇವರನ್ನು ಅವನ ಪಾದದ ಹತ್ತಿರ ಕರೆದೊಯ್ಯುತ್ತೇವೆ. ಕೊರಿಯರಿನವನು ಇದನ್ನು ಬುಧವಾರ ಮುಟ್ಟಿಸುತ್ತಾನೆ. ಶುಕ್ರವಾರದೊಳಗೆ ಬಾ. ನೀನು ಬರದಿದ್ದರೂ ನಾನು ಹೋಗುವವಳೇ.

ನಿನ್ನ ಮಗಳು,
ಮಂಜುಷಾ

ತಾ.ಕ.: ನಿನ್ನನ್ನು ಇಷ್ಟು ಬೈದು ನಾನೂ ಒಂದು ಮುಚ್ಚಿಟ್ಟೆ. ಹೊರಡುವಾಗ ಬೇಗಂ ನನ್ನ ಗಲ್ಲ ಹಿಡಿದು “ಯಾರ ಮಗಳವ್ವ, ಯಾವೂರು?” ಎಂದು ಕೇಳಿದರು. ಬೀದರದವಳು, ಅಣವೀರಪ್ಪನವರ ಮಗಳು ಎಂದುಬಿಟ್ಟೆ. ಅದು ಸೃಷ್ಟಿಯ ಅಪ್ಪನ ಹೆಸರು. ಅವಳು ಪಕ್ಕದಲ್ಲೇ ನಿಂತಿದ್ದಳು. ನೀನು ಬರದಿದ್ದರೂ ಹೋಗುವವಳು ಎಂದು ಮೇಲೆ ಬರೆದದ್ದು ಸುಳ್ಳು. ಒಬ್ಬಳೇ ಹೋಗಲು ನನಗೂ ಧೈರ್ಯವಿಲ್ಲ. ಬಾ ಆಯಿ.