ಮುಚ್ಚಳದ ಮೇಲೆ ಬರೆಯಬೇಡಿ

ಜೂನ್ 4

ಲ್ಯಾಬಿನಲ್ಲಿ ಪಕ್ಕದ ಮೇಜಿನ ಮೀಸೆಯವನು ಇವತ್ತೂ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮುಚ್ಚಳದ ಮೇಲೇ ಹೆಸರು ಬರೆದಿಟ್ಟಿದ್ದಾನೆ. ತಳದಲ್ಲಿ ಬರಿ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ. ಮುಚ್ಚಳ ಅದಲುಬದಲಾದರೆ ಯಾವ ಬ್ಯಾಕ್ಟೀರಿಯಾ ಯಾವುದೆಂದು ಯಾರನ್ನು ಕೇಳುವುದು? "ಆಯ್ತು ಮೇಡಂ" ಅಂದು ಹಲ್ಲು ಕಿರಿದ.

ನಮ್ಮ ಬ್ಯಾಕ್ಟೀರಿಯಾಕ್ಕೆ ಹೊರಗಿನಿಂದ ಎರಡು ಜೀನ್ ಸೇರಿಸಿದ್ದೇವೆ. ಒಂದು ಎಣ್ಣೆ ತಿನ್ನಲು, ಇನ್ನೊಂದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೆ ಸಾಯದೆ ಉಳಿಯಲು — ನಮ್ಮದೆಂಬ ಗುರುತಿಗೆ. ಎಣ್ಣೆ ಚೆಲ್ಲಿ ಕೆಟ್ಟ ನೆಲಕ್ಕೆ ಬಿಡುವ ಯೋಚನೆ. ಅದಕ್ಕೂ ಮೊದಲು ಕುಂಡದ ಮಣ್ಣಿನಲ್ಲಿ ಪರೀಕ್ಷೆ. ಮಣ್ಣಿನ ಬೇರೆ ಜೀವಿಗಳಿಗೆ ಆ ಜೀನ್ ದಾಟಬಾರದು. ಔಷಧಿ ಬೆರೆಸಿದ ಪ್ಲೇಟಿನಲ್ಲಿ ನಮ್ಮ ಬಿಳಿ ಚುಕ್ಕಿಗಳು ಮಾತ್ರ ಬೆಳೆಯಬೇಕು.

ಮನೆಗೆ ಬಂದರೆ ಇವರ ಮಗಳು ಬ್ಯಾಗ್ ತುಂಬುತ್ತಿದ್ದಳು. ಅಜ್ಜಿ ಮನೆಯಿಂದ ಕಾಲೇಜು ಹತ್ತಿರವಂತೆ. ಅಂದರೆ ಇವರ ತೀರಿಹೋದ ಮೊದಲ ಹೆಂಡತಿಯ ತಾಯಿ. ಆರು ವರ್ಷ ನನ್ನ ಕೈಯಡುಗೆ ಉಂಡಳು, ನನ್ನ ಕೈಯಲ್ಲಿ ಜಡೆ ಹಾಕಿಸಿಕೊಂಡಳು. ಆರು ವರ್ಷವೂ "ಆಂಟಿ".

ಜೂನ್ 5

"ಆಂಟಿ, ನಿಮ್ಮ ಮಾರ್ಕರ್ ಒಂದು ತಗೊಳ್ಲಾ? ಒರೆಸಿದ್ರೂ ಹೋಗಲ್ವಲ್ಲ, ಅದು."

ಕೊಟ್ಟೆ. ಅವಳು ಬೇರೇನೂ ಕೇಳಲಿಲ್ಲ. ಅಡುಗೆಮನೆ ಡಬ್ಬಗಳಿಗೂ ನಾನು ತಳದಲ್ಲೇ ಬರೆಯುತ್ತೇನೆ. "ಲ್ಯಾಬ್ ಹುಚ್ಚು" ಅಂತ ಅಪ್ಪ ಮಗಳು ಸೇರಿ ಆಡಿಕೊಳ್ಳುತ್ತಿದ್ದರು. ಇನ್ನು ಇವರೊಬ್ಬರೇ ಆಡಿಕೊಳ್ಳಬೇಕು.

ಜೂನ್ 9

ನಿನ್ನೆ ಇವರು ಅವಳನ್ನು ಬಿಟ್ಟು ಬಂದರು. "ಹೊಂದ್ಕೊಂಡ್ಲು, ಬಿಡು" ಅಂದರು. ನಾನು? ಬೆಳಗ್ಗೆ ಬಾಚಣಿಗೆ ಹಿಡಿದು ಅವಳ ರೂಮಿನ ಬಾಗಿಲಲ್ಲಿ ನಿಂತಿದ್ದೆ, ಪೆದ್ದಿಯ ಹಾಗೆ.

ಅಜ್ಜಿ ಮನೆಯ ಗೋಡೆ ಮೇಲೆ ಹೆತ್ತಮ್ಮನ ಫೋಟೋ ಇದೆ. ಇಲ್ಲಿಂದ ಏನು ಹೋಯಿತು ಅವಳ ಜೊತೆ? ನಾನು ಹೆತ್ತವಳಾಗಿದ್ದರೆ ನನ್ನ ಮೂಗೋ ಕಣ್ಣೋ ಅವಳಿಗೆ ಹೋಗಿರುತ್ತಿತ್ತು. ಒಂದೇ ಸಲ ಅಮ್ಮ ಅಂದಿದ್ದರೆ...

ಜೂನ್ 17

ಪ್ಲೇಟಿನಲ್ಲಿ ಹಳದಿ ಚುಕ್ಕಿ. ಅದು ಮಣ್ಣಿನ ಬೇರೆ ಬ್ಯಾಕ್ಟೀರಿಯಾ, ಔಷಧಿಗೆ ಸಾಯಬೇಕಿತ್ತು.

"ಪ್ಲೇಟ್ ಅದಲುಬದಲಾಗಿರ್ಬೇಕು ಕಣಮ್ಮ" ಅಂದರು ಬಾಸ್.

"ನಾನು ಮುಚ್ಚಳದ ಮೇಲೆ ಬರೆಯೋಳಲ್ಲ ಸಾರ್." ಪ್ಲೇಟ್ ಎತ್ತಿ ತಳ ತೋರಿಸಿದೆ. ಪರೀಕ್ಷೆ ಮತ್ತೆ ಮಾಡು ಅಂದರು.

ಅವಳ ಫೋನಿಲ್ಲ. ಅಪ್ಪನಿಗೆ ಮಾತ್ರ ಮೆಸೇಜು.

ಜೂನ್ 30

ಮತ್ತೆ ಹಳದಿ. ಡಿಎನ್ಎ ಟೆಸ್ಟಿನಲ್ಲೂ ಅದರೊಳಗೆ ನಮ್ಮದೇ ಜೀನ್. ನೆಲಕ್ಕೆ ಬಿಡುವ ಮಾತು ಮುಗಿಯಿತು. ಬಾಸ್ ತಲೆ ಮೇಲೆ ಕೈ ಹೊತ್ತು ಕೂತರು.

"ತಮಗೆ ಹುಟ್ಟಿದ ಮರಿಗಳಿಗೆ ಮಾತ್ರ ಜೀನ್ ಕೊಟ್ಟಿದ್ರೆ ನಮಗೇನು ತೊಂದ್ರೆ ಇತ್ತು? ಇವು ಪಕ್ಕದಲ್ಲಿ ಇರೋದಕ್ಕೂ ಕೊಡ್ತವೆ. ಒಂದಷ್ಟು ಹೊತ್ತು ಅಂಟ್ಕೊಂಡಿದ್ರೆ ಸಾಕು."

ಇಷ್ಟು ದಿನದ ಕೆಲಸ ನೀರುಪಾಲು. ಬೇಜಾರಾಗಬೇಕಿತ್ತು. ನನಗೆ ಆ ಬಿಳಿ ಚುಕ್ಕಿಯ ಮೇಲೆ ಹೊಟ್ಟೆಕಿಚ್ಚಾಯಿತು. ಬ್ಯಾಕ್ಟೀರಿಯಾದ ಮೇಲೆ! ಹೇಳಿದರೆ ಮೀಸೆಯವನು ಬಿದ್ದು ಬಿದ್ದು ನಗುತ್ತಾನೆ.

ಜುಲೈ 6, ಸಂಜೆ

ಅವಳ ಅಜ್ಜಿಯ ಫೋನ್. ನನಗೆ, ಇದೇ ಮೊದಲು.

"ಏನಮ್ಮಾ, ಈ ಹುಡುಗಿ ನಮ್ಮನೆ ಡಬ್ಬಗಳಿಗೆಲ್ಲ ತಳದಲ್ಲಿ ಬರೆದಿಟ್ಟಿದ್ದಾಳೆ. ಸಕ್ಕರೆ ಬೇಕಂದ್ರೆ ಒಂದೊಂದೇ ಎತ್ತಿ ನೋಡ್ಬೇಕು. ಈ ವಯಸ್ಸಲ್ಲಿ ನಂಗೆ ಕಸರತ್ತು."

ನಗು ತಡೆದುಕೊಂಡು, ತಪ್ಪಾಯಿತು ಅಂದೆ.

"ಯಾರೇ ಕಲಿಸಿದ್ದು ಅಂದೆ. ಅಮ್ಮ ಅಂದ್ಲು. ನನ್ನ ಮಗಳು ಡಬ್ಬದ ಮೇಲೆ ಯಾವತ್ತೂ ಏನೂ ಬರೆದವಳಲ್ಲ..." ಆ ಕಡೆ ಮೂಗೊರೆಸಿಕೊಂಡ ಸದ್ದು. "ಆಮೇಲೆ ಗೊತ್ತಾಯ್ತು, ನಿನ್ನನ್ನ ಹೇಳ್ತಿದ್ದಾಳೆ ಅಂತ. ಇರ್ಲಿ ಬಿಡು. ಮುಚ್ಚಳ ಅದಲುಬದಲಾಗೋದೂ ನಿಜವೇ. ಈಗ ನಾನೂ ತಳದಲ್ಲೇ ಬರೀತೀನಿ."

ನನ್ನ ಎದುರಿಗೆ ಹೇಳಲು ಏನಾಗಿತ್ತು, ಕತ್ತೆಗೆ? ನಿಂತಲ್ಲೇ ಅತ್ತುಬಿಟ್ಟೆ. ಇವರು ಗಾಬರಿಯಾಗಿ ಓಡಿಬಂದರು. ಹೇಗೆ ಹೇಳಲಿ ಇವರಿಗೆ, ಡಬ್ಬದ ತಳದ ಕಥೆ ಅಂತಲೇ?

ಇದನ್ನು ಬರೆಯುತ್ತಿರುವಾಗಲೇ ಮತ್ತೆ ಫೋನ್. ಅವಳ ನಂಬರು. ಇವರ ಫೋನಿಗಲ್ಲ, ನನ್ನದಕ್ಕೆ —