ದೇವಾನಂದನ ಚೂಪು ಅಕ್ಷರ

೧೪-೬-೨೦೦೩, ಹಡಪಸರ

ನನ್ನ ತಮ್ಮ ದೇವಾನಂದನ ಶ್ರದ್ಧಾಂಜಲಿ ಫಲಕವನ್ನು ಇಂದು ಚೌಕದಲ್ಲಿ ನಿಲ್ಲಿಸಿದೆ. "ಭಾವಾರ, ಕಂಪ್ಯೂಟರ್ ಅಕ್ಷರ ಬ್ಯಾಡ್ರಿ, ಅವರ ಅಕ್ಷರದಾಗ ಬರೀರಿ" ಎಂದಿದ್ದಳು ಅವನ ಹೆಂಡತಿ ಶಿವಕಾಂತಾ. ವಿಡಿಯೊ ಗೇಮ್ ಪಾರ್ಲರುಗಳ ಬೋರ್ಡಿಗೆಂದು ಅವನೇ ಕಟ್ಟಿದ ಅಕ್ಷರಗಳವು. ದಪ್ಪ, ಎಲ್ಲೂ ದುಂಡಗಿಲ್ಲ, ರಾಕೆಟ್ಟಿನ ರೆಕ್ಕೆಯಂತೆ ಚೂಪು. ನನ್ನ ಕೈಗೆ ಅವು ಒಲಿಯಲಿಲ್ಲ. ಅವನು ರಟ್ಟಿನಲ್ಲಿ ಕತ್ತರಿಸಿಟ್ಟಿದ್ದ ಅಚ್ಚುಗಳನ್ನೇ ಇಟ್ಟು ಬಣ್ಣ ಬಳಿದೆ.

ಫೋಟೊ ಇನ್ನೂ ಅಂಟಿಸಿರಲಿಲ್ಲ. ರಿಕ್ಷಾದವನೊಬ್ಬ ನಿಂತು, ಬರೆದದ್ದನ್ನು ಓದದೆ ಅಕ್ಷರದ ಚೂಪಷ್ಟೇ ನೋಡಿ, ಕಾಕಾ, ಹೊಸ ಪಾರ್ಲರ್ ಯಾವಾಗ ಶುರು ಎಂದು ಮರಾಠಿಯಲ್ಲಿ ಕೇಳಿದ.

ಶಿವಕಾಂತಾ ನಕ್ಕಳು, ದೇವಾನಂದ ಹೋದಮೇಲೆ ಮೊದಲ ಸಲ. "ನೋಡ್ರಿ ಭಾವಾರ, ಅವರ ಅಕ್ಷರ ಇನ್ನಾ ಗಿರಾಕಿ ಕರೀಲಿಕ್ಕತ್ತಾವ."

ಫೋಟೊ ಹಿಡಿದು ಬಹಳ ಹೊತ್ತು ನಿಂತೆ. ಅಂಟಿಸುವವರೆಗೆ ಅದು ಯಾವುದೋ ಅಂಗಡಿಯ ಬೋರ್ಡಷ್ಟೇ ಆಗಿತ್ತು. ಅಂಟಿಸಿದೆ; ಆಮೇಲೆ ಅದು ಸತ್ತ ತಮ್ಮನ ಫಲಕ.